ಅಪ್ಲೈಡ್ ಆರ್ಟ್ ಓದಿದರೆ ಮುಂದೇನು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಯುಸಿ ಮುಗಿಸುವ ಮಕ್ಕಳು, ಅವರ ಅಪ್ಪ-ಅಮ್ಮ, ಈಗಾಗಲೇ ಪ್ರೆಸ್‌ಗಳಲ್ಲಿ ದುಡಿಯುತ್ತಿರುವವರು, ಹೀಗೆ ಬಗೆಬಗೆಯವರಿಂದ ಈ ಸಲ ಪತ್ರಗಳು ಬಂದಿವೆ. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ವಿಷಯ, ಅಪ್ಲೈಡ್ ಆರ್ಟ್, ಅಂದರೆ ಜಾಹೀರಾತು, ಲೇಬಲ್ಲು, ಪುಸ್ತಕ ಇಂಥವಕ್ಕೆ ಬಳಕೆಯಾಗುವ ಕಲೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿದ್ದೇನೆ, ಸೈನ್ಸ್. ಚಿತ್ರ ಬಿಡಿಸುವುದೆಂದರೆ ಪ್ರಾಣ. ಬಿವಿಎ (ದೃಶ್ಯಕಲೆಯ ಪದವಿ) ಸೇರಿ ಅಪ್ಲೈಡ್ ಆರ್ಟ್ ತಗೋಬೇಕು ಅಂತಿದ್ದೇನೆ. "ಬೋರ್ಡ್ ಬರೆಯೋಕೆ ನಾಲ್ಕು ವರ್ಷ ಓದಬೇಕಾ" ಅಂತಾರೆ ಅಪ್ಪ. ಪೇಂಟಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ? – ಹಾವೇರಿ ಜಿಲ್ಲೆ

ಪೇಂಟಿಂಗ್‌ನಲ್ಲಿ ಏನು ಬಿಡಿಸಬೇಕು ಅನ್ನುವುದನ್ನು ನೀವೇ ತೀರ್ಮಾನ ಮಾಡುತ್ತೀರಿ. ಅಪ್ಲೈಡ್ ಆರ್ಟ್‌ನಲ್ಲಿ ಇನ್ನೊಬ್ಬರ ಅಗತ್ಯ ನಿಮ್ಮ ಮುಂದೆ ಬಂದು ಕೂತಿರುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ನಾಲ್ಕು ವರ್ಷದ ಓದೆಲ್ಲ ಅದರ ಮೇಲೇ ನಿಂತಿದೆ.

ಒಂದು ಕೆಲಸವನ್ನೇ ತಗೊಳ್ಳೋಣ. ಮಲೆನಾಡಿನ ಒಂದು ಮಹಿಳಾ ಸ್ವಸಹಾಯ ಸಂಘಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿಯ ಲೇಬಲ್ ಬೇಕು. ಮಾವಿನಮಿಡಿಯ ಚಂದದ ಚಿತ್ರ ಬಿಡಿಸಿ ಕೊಟ್ಟರೆ ಮುಗಿಯಿತೇ? ಇಲ್ಲ. ಎಂಆರ್‌ಪಿ ಇರಬೇಕು, ನಿವ್ವಳ ತೂಕ, ತಯಾರಾದ ದಿನಾಂಕ, ಬಳಸಿದ ಪದಾರ್ಥಗಳ ಪಟ್ಟಿ ಇರಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರು ಬೇಕು, ಹಸಿರು ಚೌಕದೊಳಗೆ ಹಸಿರು ಚುಕ್ಕಿ ಬೇಕು. ಇಷ್ಟೂ ಆದ ಮೇಲೆ ಅಂಗೈ ಅಗಲದ ಕಾಗದದಲ್ಲಿ ಉಳಿದ ಜಾಗ ನಿಮ್ಮದು. ಅಲ್ಲಿ "ಅಪ್ಪೆಮಿಡಿ" ಅಂತ ಒಂದು ಸಾಲು, ಅದರ ಕೆಳಗೆ "ಉಪ್ಪಿನಕಾಯಿ" ಅಂತ ಇನ್ನೊಂದು ಸಾಲು ಬರೆದು ನೋಡಿ. ಮೇಲಿನ ಸಾಲಿನ ಎರಡನೇ ಅಕ್ಷರದ ಪ ಒತ್ತು ಕೆಳಕ್ಕೆ ಇಳಿಯುತ್ತದೆ, ಕೆಳಗಿನ ಸಾಲಿನ ಎರಡನೇ ಅಕ್ಷರದ ಗುಡಿಸು ಮೇಲಕ್ಕೆ ಏಳುತ್ತದೆ, ಎರಡೂ ಅಲ್ಲೇ ಡಿಕ್ಕಿ ಹೊಡೆಯುತ್ತವೆ. ಸಾಲಿನ ನಡುವೆ ಜಾಗ ಬಿಟ್ಟರೆ ಎರಡು ಪದಗಳೂ ಸಂಬಂಧವಿಲ್ಲದವರ ಹಾಗೆ ದೂರ ದೂರ ನಿಲ್ಲುತ್ತವೆ. ಒತ್ತನ್ನು ಚಿಕ್ಕದು ಮಾಡಿದರೆ ಅಂಗಡಿಯ ಮೇಲಿನ ಶೆಲ್ಫ್‌ನಲ್ಲಿಟ್ಟಾಗ ಓದಲು ಆಗುವುದಿಲ್ಲ. ಕೆಳಗಿನ ಸಾಲನ್ನು ಸ್ವಲ್ಪ ಬಲಕ್ಕೆ ಸರಿಸಬಹುದು, ಅಥವಾ ಒತ್ತು ಮತ್ತು ಗುಡಿಸನ್ನು ಸೇರಿಸಿ ಒಂದೇ ಗೆರೆಯಲ್ಲಿ ಬರೆದು ಅದನ್ನೇ ಮಾವಿನಮಿಡಿಯ ತೊಟ್ಟು ಮಾಡಬಹುದು. ಈ ತಲೆಬಿಸಿಗೇ ಅಪ್ಲೈಡ್ ಆರ್ಟ್ ಅನ್ನುವುದು. ಇದರಲ್ಲಿ ನಿಮಗೆ ಖುಷಿ ಸಿಗುತ್ತದೆ ಅಂತಾದರೆ ಸೇರಿ. "ಅದೆಲ್ಲ ಯಾರಿಗೆ ಬೇಕು, ನನಗೆ ಮಾವಿನಮಿಡಿ ಬಿಡಿಸಿದರೆ ಸಾಕು" ಅನ್ನಿಸಿದರೆ ಪೇಂಟಿಂಗ್ ತಗೊಳ್ಳಿ, ಅದೂ ಒಳ್ಳೆಯ ಓದೇ.

ಬಿವಿಎ ಅಂದರೆ ನಾಲ್ಕು ವರ್ಷ. ಮೊದಲನೇ ವರ್ಷ ಫೌಂಡೇಷನ್, ಎಲ್ಲರೂ ಎಲ್ಲವನ್ನೂ ಮಾಡಬೇಕು: ಸ್ಟಿಲ್ ಲೈಫ್, ತಲೆ-ಕೈ-ಕಾಲಿನ ಅಧ್ಯಯನ, ಪರ್ಸ್ಪೆಕ್ಟಿವ್, ಬಣ್ಣದ ಪಾಠ, ಜೇಡಿಮಣ್ಣು, ಪ್ರಿಂಟ್. ಆಮೇಲಿನ ಮೂರು ವರ್ಷ ನಿಮ್ಮ ವಿಭಾಗ. ಅಪ್ಲೈಡ್ ಆರ್ಟ್‌ನಲ್ಲಿ ಲೆಟರಿಂಗ್, ಟೈಪೊಗ್ರಫಿ, ಲೇಔಟ್, ಇಲಸ್ಟ್ರೇಷನ್, ಫೋಟೊಗ್ರಫಿ, ಪ್ಯಾಕೇಜಿಂಗ್, ಮುದ್ರಣದ ವಿಧಾನಗಳು, ಕೊನೆಗೆ ಒಂದು ಪೂರ್ತಿ ಜಾಹೀರಾತು ಕ್ಯಾಂಪೇನ್. ಜೊತೆಗೆ ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರದ ಥಿಯರಿ. ಒಂದು ಎಚ್ಚರಿಕೆ: ನಮ್ಮ ಕಲಾ ಕಾಲೇಜುಗಳ ಪ್ರಾಸ್ಪೆಕ್ಟಸ್‌ನಲ್ಲಿ "ಗ್ರಾಫಿಕ್ಸ್" ಅಂತ ಪ್ರತ್ಯೇಕ ವಿಭಾಗ ಇದ್ದರೆ ಅದು ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ, ಎಚಿಂಗ್, ಲಿಥೊ, ವುಡ್‌ಕಟ್, ಅಂದರೆ ಲೋಹ, ಕಲ್ಲು, ಮರದ ಮೇಲೆ ಚಿತ್ರ ಮಾಡಿ ಅಚ್ಚು ತೆಗೆಯುವ ಕಲೆ. ಗೊತ್ತಿಲ್ಲದೆ ಸೇರಿ ಆಮೇಲೆ ಪೇಚಾಡುವವರು ಇದ್ದಾರೆ.

ನೀವು ಹಾವೇರಿಯವರು, ದಾವಣಗೆರೆಯ ದೃಶ್ಯಕಲಾ ಕಾಲೇಜು ನಿಮಗೆ ಹತ್ತಿರ. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜುಗಳಲ್ಲೂ ಅಪ್ಲೈಡ್ ಆರ್ಟ್ ಇದೆ. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ನಡೆಯುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಕೈಯಲ್ಲೇ ಬಿಡಿಸಬೇಕು.

ನಿಮ್ಮ ಅಪ್ಪನಿಗೆ ಎರಡು ಮಾತು. ಬೋರ್ಡ್ ಬರೆಯುವುದು ಸಣ್ಣ ಕೆಲಸವಲ್ಲ. ಹಳೇ ಬೋರ್ಡ್ ಪೇಂಟರ್‌ಗಳಿಗೆ ಅಕ್ಷರದ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದು ಕಣ್ಣಳತೆಯಲ್ಲೇ ಗೊತ್ತಿತ್ತು, ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಲು ಒಂದು ವರ್ಷ ಬೇಕಾಗುತ್ತದೆ. ಇನ್ನು ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು (1916–1993) ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ, ಕ್ಯಾಲೆಂಡರು ಬಿಡಿಸಿಯೇ ದೇಶಕ್ಕೆಲ್ಲ ಗೊತ್ತಾದವರು. ಅವರು ಬಿಡಿಸಿದ ದೇವರ ಚಿತ್ರ ಎಷ್ಟೋ ಮನೆಗಳ ಗೋಡೆ ಮೇಲಿತ್ತು. ನಿಮ್ಮ ಮನೆಯಲ್ಲೂ ಇದ್ದಿರಬಹುದು, ಕೇಳಿ ನೋಡಿ.

ಪ್ರಶ್ನೆ: ಮಗಳಿಗೆ ಡಿಸೈನ್ ಮಾಡಬೇಕಂತೆ. ಬಿವಿಎ ಒಳ್ಳೆಯದೋ, ಬಿ.ಡಿಸ್. (ಡಿಸೈನ್ ಪದವಿ) ಒಳ್ಳೆಯದೋ? ಖಾಸಗಿ ಕಾಲೇಜಿನ ಫೀಸು ಕೇಳಿ ತಲೆ ತಿರುಗಿತು. – ಉಡುಪಿ

ಎರಡೂ ನಾಲ್ಕು ವರ್ಷದ ಪದವಿ. ಬಿ.ಡಿಸ್.ನಲ್ಲಿ ಸಮಸ್ಯೆಯನ್ನು ಅಧ್ಯಯನ ಮಾಡುವುದು, ಬಳಸುವವರನ್ನು ಮಾತಾಡಿಸುವುದು, ಮಾದರಿ ಮಾಡಿ ಪರೀಕ್ಷಿಸುವುದಕ್ಕೆ ಒತ್ತು ಜಾಸ್ತಿ. ಬಿವಿಎಯಲ್ಲಿ ಕೈ ಪಳಗುವುದಕ್ಕೆ, ಡ್ರಾಯಿಂಗ್‌ಗೆ, ಕಲಾ ಇತಿಹಾಸಕ್ಕೆ ಒತ್ತು ಜಾಸ್ತಿ. ಕೆಲಸಕ್ಕೆ ತಗೊಳ್ಳುವವರು ಮೊದಲು ನೋಡುವುದು ಪೋರ್ಟ್‌ಫೋಲಿಯೊ, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹ. ಪದವಿಯ ಹೆಸರು ಆಮೇಲೆ.

ಸರ್ಕಾರಿ ಸಂಸ್ಥೆಗಳ ಬಿ.ಡಿಸ್. ಬೇಕು ಅಂದರೆ ಎರಡು ಬಾಗಿಲು ಮುಖ್ಯ. ಎನ್‌ಐಡಿಗಳಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆಗಳಿಗೆ) ಡ್ಯಾಟ್ ಪರೀಕ್ಷೆ, ಐಐಟಿಗಳ ಬಿ.ಡಿಸ್.ಗೆ ಐಐಟಿ ಬಾಂಬೆ ನಡೆಸುವ ಯೂಸೀಡ್. ಯೂಸೀಡ್‌ನಲ್ಲಿ ಒಂದು ಭಾಗ ಕಂಪ್ಯೂಟರ್‌ನಲ್ಲಿ, ಇನ್ನೊಂದು ಭಾಗ ಕೈಯಲ್ಲಿ ಬಿಡಿಸುವುದು. ಪರೀಕ್ಷೆ ಜನವರಿ ಹೊತ್ತಿಗೆ ಇರುವುದರಿಂದ ಅರ್ಜಿ ಅದಕ್ಕೂ ತಿಂಗಳುಗಳ ಮುಂಚೆಯೇ ಹಾಕಬೇಕು. ಪಿಯುಸಿ ರಿಸಲ್ಟ್ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ಒಂದು ವರ್ಷ ಹೋಯಿತು ಅಂತಲೇ ಅರ್ಥ. ಎಷ್ಟೋ ಮಕ್ಕಳಿಗೆ ಅವಕಾಶ ತಪ್ಪುವುದು ಪ್ರತಿಭೆ ಇಲ್ಲದೆ ಅಲ್ಲ, ಈ ದಿನಾಂಕ ಗೊತ್ತಿಲ್ಲದೆ. ಅದು ನನಗೆ ಬಹಳ ಬೇಜಾರಿನ ಸಂಗತಿ. ಬಿವಿಎ ಪ್ರವೇಶ ಪಿಯುಸಿ ಆದ ಮೇಲೆ ನಡೆಯುತ್ತದೆ, ಹಾಗಾಗಿ ಎರಡನ್ನೂ ಪ್ರಯತ್ನಿಸಬಹುದು.

ಖಾಸಗಿ ಕಾಲೇಜಿಗೆ ಸಾಲ ಮಾಡಿ ಸೇರಿಸುವ ಮುಂಚೆ ಕೊನೇ ವರ್ಷದವರ ಪ್ರದರ್ಶನ ನಡೆಯುವಾಗ ಹೋಗಿ ನೋಡಿ. ಬ್ರೋಷರ್ ನಂಬಬೇಡಿ. ಗೋಡೆ ಮೇಲೆ ಏನು ತೂಗುಹಾಕಿದ್ದಾರೆ, ಎಲ್ಲರ ಕೆಲಸವೂ ಒಂದೇ ಥರ ಕಾಣುತ್ತಿದೆಯಾ, ಕನ್ನಡದಲ್ಲಿ ಮಾಡಿದ ಒಂದಾದರೂ ಕೆಲಸ ಇದೆಯಾ ನೋಡಿ. ಟೈಪೊಗ್ರಫಿ ಯಾರು ಕಲಿಸುತ್ತಾರೆ, ಅವರು ಕಾಯಂ ಅಧ್ಯಾಪಕರಾ, ವಾರಕ್ಕೊಮ್ಮೆ ಬಂದು ಹೋಗುವವರಾ ಅಂತ ವಿದ್ಯಾರ್ಥಿಗಳನ್ನೇ ಕೇಳಿ. ಅವರು ನಿಜ ಹೇಳುತ್ತಾರೆ.

ಪ್ರಶ್ನೆ: ಅಪ್ಲೈಡ್ ಆರ್ಟ್‌ನಲ್ಲಿ ಬಿವಿಎ ಮುಗಿಯಿತು. ಮೇಷ್ಟ್ರಾಗಬೇಕು ಅನ್ನುವ ಆಸೆ. ಸ್ಕೂಲಾದರೂ ಸರಿ, ಕಾಲೇಜಾದರೂ ಸರಿ. ಆದರೆ ಸ್ಕೂಲಲ್ಲಿ "ಡ್ರಾಯಿಂಗ್, ಪೇಂಟಿಂಗ್ ಓದಿದವರೇ ಬೇಕು" ಅಂತಾರಂತೆ. ನನಗೆ ದಾರಿ ಇದೆಯಾ? – ಕಲಬುರಗಿ

ಇದೆ. ಆದರೆ ಸ್ಕೂಲಿನ ದಾರಿ ಬೇರೆ, ಕಾಲೇಜಿನ ದಾರಿ ಬೇರೆ. ಎರಡನ್ನೂ ಕಲಸಿಕೊಳ್ಳಬೇಡಿ.

ಮೊದಲು ಸ್ಕೂಲು. ಕೇಂದ್ರೀಯ ವಿದ್ಯಾಲಯಗಳಲ್ಲಿ ಕಲಾ ಶಿಕ್ಷಕರ ಹುದ್ದೆಗೆ ಡ್ರಾಯಿಂಗ್-ಪೇಂಟಿಂಗ್, ಶಿಲ್ಪ ಅಥವಾ ಗ್ರಾಫಿಕ್ ಆರ್ಟ್‌ನಲ್ಲಿ ಐದು ವರ್ಷದ ಮಾನ್ಯ ಡಿಪ್ಲೊಮಾ, ಇಲ್ಲವೇ ಅದಕ್ಕೆ ಸಮನಾದ ಪದವಿ ಕೇಳುತ್ತಾ ಬಂದಿದ್ದಾರೆ. ಹಿಂದಿ, ಇಂಗ್ಲಿಷ್ ಎರಡೂ ಬರಬೇಕು. ಆ "ಸಮನಾದ ಪದವಿ" ಅನ್ನುವಲ್ಲೇ ನಿಮ್ಮ ಬಿವಿಎ ಕೂರಬೇಕು. ಅದಕ್ಕೇ ನಿಮ್ಮ ಮಾರ್ಕ್ಸ್‌ಕಾರ್ಡ್‌ನಲ್ಲಿ ಡ್ರಾಯಿಂಗ್, ಪೇಂಟಿಂಗ್ ವಿಷಯಗಳು ಯಾವ ವರ್ಷ ಎಷ್ಟಿದ್ದವು ಅಂತ ತೋರಿಸುವ ಸಿಲಬಸ್ ಪ್ರತಿಯನ್ನು ವಿಶ್ವವಿದ್ಯಾಲಯದಿಂದ ಸೀಲ್ ಹಾಕಿಸಿ ಈಗಲೇ ತೆಗೆದಿಟ್ಟುಕೊಳ್ಳಿ. ಕಾಲೇಜು ಬಿಟ್ಟು ಐದಾರು ವರ್ಷ ಆದ ಮೇಲೆ ಅದಕ್ಕಾಗಿ ಅಲೆಯುವುದು ದೊಡ್ಡ ರಗಳೆ. ರಾಜ್ಯದ ಶಾಲೆಗಳ ವಿಷಯಕ್ಕೆ ಬಂದರೆ, ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪಾಸಾಗಿದ್ದರೆ ಪ್ರಮಾಣಪತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಸರ್ಕಾರಿ ಚಿತ್ರಕಲಾ ಶಿಕ್ಷಕರ ನೇಮಕಾತಿ ವರ್ಷ ವರ್ಷವೂ ಆಗುವುದಿಲ್ಲ. ಅದೊಂದನ್ನೇ ನಂಬಿಕೊಂಡು ಕೂರಬೇಡಿ. ಕಲಾ ಶಿಕ್ಷಕರ ಹುದ್ದೆಗಳನ್ನು ಇಷ್ಟು ವರ್ಷ ಖಾಲಿ ಬಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ ಅಂತ ನನ್ನ ಖಚಿತ ಅಭಿಪ್ರಾಯ, ಆದರೆ ನನ್ನ ಅಭಿಪ್ರಾಯದಿಂದ ನಿಮ್ಮ ಮನೆ ನಡೆಯುವುದಿಲ್ಲವಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಸಿಬಿಎಸ್‌ಇ 11, 12ನೇ ತರಗತಿಯಲ್ಲಿ ಫೈನ್ ಆರ್ಟ್ಸ್ ಕೆಳಗೆ ಪೇಂಟಿಂಗ್, ಗ್ರಾಫಿಕ್ಸ್, ಶಿಲ್ಪದ ಜೊತೆಗೆ ಕಮರ್ಷಿಯಲ್ ಆರ್ಟ್ ಅಂತಲೇ ಒಂದು ವಿಷಯ ಇದೆ, ಕೋಡ್ 052. ಅದನ್ನು ಕಲಿಸಲು ನಿಮ್ಮಂಥವರಿಗಿಂತ ಸರಿಯಾದವರು ಯಾರು? ಅರ್ಜಿ ಹಾಕುವಾಗ "ನಾನು ಪೋಸ್ಟರ್, ಲೆಟರಿಂಗ್, ಪುಸ್ತಕ ವಿನ್ಯಾಸ ಕಲಿಸಬಲ್ಲೆ" ಅಂತ ಬರೆದು, ಮಕ್ಕಳ ಹತ್ತಿರ ಮಾಡಿಸಿದ ಕೆಲಸದ ನಾಲ್ಕು ಫೋಟೊ ಲಗತ್ತಿಸಿ.

ಈಗ ಕಾಲೇಜು. ಎಂವಿಎ (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಎರಡು ವರ್ಷ, ಅದರಲ್ಲಿ ಕನಿಷ್ಠ 55 ಪರ್ಸೆಂಟ್. ಮೀಸಲಾತಿ ಇರುವವರಿಗೆ 50. ಆಮೇಲೆ ಯುಜಿಸಿ ನೆಟ್, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ. ವಿಷಯ ವಿಷುಯಲ್ ಆರ್ಟ್, ಕೋಡ್ 79, ಅಪ್ಲೈಡ್ ಆರ್ಟ್ ಅದರೊಳಗೇ ಬರುತ್ತದೆ. ಮೂರು ಗಂಟೆಯ ಪರೀಕ್ಷೆ: ಮೊದಲ ಪತ್ರಿಕೆ ಎಲ್ಲರಿಗೂ ಒಂದೇ, 50 ಪ್ರಶ್ನೆ, 100 ಅಂಕ. ಎರಡನೆಯದು ನಿಮ್ಮ ವಿಷಯ, 100 ಪ್ರಶ್ನೆ, 200 ಅಂಕ. ಕಲಾ ಕಾಲೇಜಿನಿಂದ ಬಂದವರು ಎಡವುವುದು ಹೆಚ್ಚಾಗಿ ಮೊದಲ ಪತ್ರಿಕೆಯಲ್ಲೇ. ಲಾಜಿಕ್, ಅಂಕಿ-ಅಂಶದ ಕೋಷ್ಟಕ ಓದುವುದು, ಬೋಧನೆಯ ವಿಧಾನ ಇವೆಲ್ಲ ನಾಲ್ಕು ವರ್ಷ ಬ್ರಶ್ ಹಿಡಿದವರಿಗೆ ಹೊಸದು. ದಿನಕ್ಕೆ ಒಂದು ಗಂಟೆ ಅದಕ್ಕೇ ಇಡಿ. ಎರಡನೇ ಪತ್ರಿಕೆಗೆ ಅಪ್ಲೈಡ್ ಆರ್ಟ್ ಒಂದೇ ಓದಿದರೆ ಸಾಲದು, ಅಜಂತಾದಿಂದ ಹಿಡಿದು ಆಧುನಿಕ ಕಲೆಯವರೆಗೆ ಎಲ್ಲ ಬರುತ್ತದೆ. ಯುಜಿಸಿ ನಿಯಮದಲ್ಲಿ ಇನ್ನೊಂದು ಕಿಟಕಿಯೂ ಇದೆ. ಪದವಿ ಇದ್ದು, ವರ್ಷಗಳ ಕಾಲ ಪ್ರದರ್ಶನ, ಕಾರ್ಯಾಗಾರ ನಡೆಸುತ್ತಾ ವೃತ್ತಿಯಲ್ಲಿ ಒಳ್ಳೆಯ ಹೆಸರು ಮಾಡಿದ ಕಲಾವಿದರನ್ನೂ ದೃಶ್ಯಕಲೆ ಕಲಿಸಲು ಪರಿಗಣಿಸಬಹುದು. ಪುರಾವೆ ಬೇಕು, ಹಾಗಾಗಿ ಮಾಡಿದ್ದಕ್ಕೆಲ್ಲ ಆಮಂತ್ರಣ ಪತ್ರಿಕೆ, ಪೇಪರ್ ಕಟಿಂಗ್, ಫೋಟೊ ಇಟ್ಟುಕೊಳ್ಳಿ.

ಕಲಿಸುವ ಬಗ್ಗೆಯೂ ಹೇಳಬೇಕು, ಯಾಕೆಂದರೆ ಸರ್ಟಿಫಿಕೇಟ್ ಇದ್ದರೆ ಮೇಷ್ಟ್ರಾಗುವುದಿಲ್ಲ. ವಿದ್ಯಾರ್ಥಿಯ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಇಡಬೇಡಿ. ತಿದ್ದಬೇಕು ಅನ್ನಿಸಿದರೆ ಮೇಲೊಂದು ಟ್ರೇಸಿಂಗ್ ಪೇಪರ್ ಇಟ್ಟು ಅದರ ಮೇಲೆ ಗೆರೆ ಎಳೆದು ತೋರಿಸಿ, ಆಮೇಲೆ ಅದನ್ನು ತೆಗೆದುಬಿಡಿ. ಕೆಳಗೆ ಅವರದ್ದು ಅವರದ್ದಾಗಿಯೇ ಉಳಿಯುತ್ತದೆ, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಪೋಸ್ಟರ್ ಆದರೆ ಗೋಡೆಗೆ ಅಂಟಿಸಿ ಹತ್ತು ಅಡಿ ಹಿಂದೆ ನಿಲ್ಲಿಸಿ, "ಮೊದಲು ಏನು ಕಾಣಿಸಿತು?" ಅಂತ ಪಕ್ಕದವರನ್ನು ಕೇಳಿ, ಬಿಡಿಸಿದವರನ್ನಲ್ಲ. ಈ ಪ್ರಶ್ನೆಯೊಂದರಿಂದ ಎಷ್ಟು ಕಲಿಯುತ್ತಾರೆ ಅಂದರೆ ಅರ್ಧ ಗಂಟೆಯ ಭಾಷಣ ಉಳಿಯುತ್ತದೆ. ಮತ್ತೆ, ದಯವಿಟ್ಟು ಮೇಷ್ಟ್ರಾದ ಮೇಲೆ ಸ್ವಂತ ಕೆಲಸ ನಿಲ್ಲಿಸಬೇಡಿ. ವರ್ಷಕ್ಕೆ ಎರಡು ಪುಸ್ತಕದ ಮುಖಪುಟವಾದರೂ ಮಾಡಿ. ಪ್ರೆಸ್‌ಗೆ ಹೋಗದೆ ಹತ್ತು ವರ್ಷ ಆದವರು ಮುದ್ರಣದ ಪಾಠ ಮಾಡಿದರೆ ಮಕ್ಕಳಿಗೆ ಕೂಡಲೇ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ವಯಸ್ಸು 31. ಪ್ರೆಸ್‌ನಲ್ಲಿ ಡಿಟಿಪಿ ಆಪರೇಟರ್. ಮದುವೆ ಕಾರ್ಡು, ಪಾಂಪ್ಲೆಟ್, ಫ್ಲೆಕ್ಸ್ ಇದೇ ಕೆಲಸ. ಈಗ ಬಿವಿಎ ಸೇರಿದರೆ ಪ್ರಯೋಜನ ಇದೆಯಾ? – ಹುಬ್ಬಳ್ಳಿ

ಕಲಿಸುವ ಕೆಲಸಕ್ಕೆ ಹೋಗಬೇಕು ಅಂದರೆ ಪದವಿ ಬೇಕೇ ಬೇಕು, ವಯಸ್ಸು ನೋಡಬೇಡಿ, ಸೇರಿ. ಇದೇ ವೃತ್ತಿಯಲ್ಲಿ ಮೇಲಕ್ಕೆ ಬರಬೇಕು ಅಂದರೆ ನಾಲ್ಕು ವರ್ಷ ಸಂಬಳ ಬಿಟ್ಟು ಕೂರುವ ಅಗತ್ಯ ನನಗೆ ಕಾಣುತ್ತಿಲ್ಲ. ನಿಮ್ಮ ಕೈಲಿ ಈಗಾಗಲೇ ಒಂದು ದೊಡ್ಡ ವಿದ್ಯೆ ಇದೆ. ನಿಮಗೆ ಕನ್ನಡ ಕಂಪೋಸ್ ಮಾಡಲು ಬರುತ್ತದೆ. ದೊಡ್ಡ ದೊಡ್ಡ ಏಜೆನ್ಸಿಗಳಲ್ಲಿ ಕೂತವರಿಗೆ ಇದು ಬರುವುದಿಲ್ಲ. ಇಂಗ್ಲಿಷ್ ಜಾಹೀರಾತನ್ನು ಕನ್ನಡಕ್ಕೆ ಹಾಕುವಾಗ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗಿ ಹೆದ್ದಾರಿಯ ಹೋರ್ಡಿಂಗ್ ಮೇಲೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ನೋಡಿದಾಗ ಸಂಕಟ ಆಗುತ್ತದೆ ಅಲ್ವಾ? ಆ ಸಂಕಟ ಆಗುವವರೇ ಈ ವೃತ್ತಿಗೆ ಬೇಕು.

ನಿಮ್ಮ ಪ್ರೆಸ್‌ನಲ್ಲಿ ಇನ್ನೂ ನುಡಿಯ ಅಥವಾ ಶ್ರೀಲಿಪಿಯ ಹಳೇ ಫಾಂಟ್ ಬಳಸುತ್ತಿರಬಹುದು. ಅದರಲ್ಲಿ ಮಾಡಿದ್ದನ್ನು ಫೋನ್‌ಗೆ, ವೆಬ್‌ಸೈಟ್‌ಗೆ ಹಾಕಿದರೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ. ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಪೂರ್ತಿ ಬದಲಾಗಿ. ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಕನ್ನಡ ಒಡೆದು ಬರುತ್ತಿದ್ದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಸರಿಯಾಗುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯದೆ ಎಷ್ಟೋ ಜನ ಪ್ರತಿ ಅಕ್ಷರವನ್ನು ಕೈಯಲ್ಲಿ ಜೋಡಿಸುತ್ತಾ ರಾತ್ರಿ ಕೂರುತ್ತಾರೆ. ಉಚಿತವಾಗಿ ಸಿಗುವ ಒಳ್ಳೆಯ ಕನ್ನಡ ಫಾಂಟ್‌ಗಳು ಈಗ ಸಾಕಷ್ಟಿವೆ: ಬಾಲೂ ತಮ್ಮ, ಅನೇಕ್, ತಿರೊ, ನೋಟೊ. ಗೂಗಲ್ ಫಾಂಟ್ಸ್‌ನಲ್ಲಿ ನಿಮ್ಮೂರ ಹೆಸರಿನದೇ "ಹುಬ್ಬಳ್ಳಿ" ಅನ್ನುವ ಫಾಂಟ್ ಕೂಡ ಇದೆ, ಹಾಕಿ ನೋಡಿ.

ವಿಂಡೋಸ್‌ನ ಜೊತೆ ಬರುತ್ತಿದ್ದ ತುಂಗಾ ಫಾಂಟ್ ನೀವು ಸಾವಿರ ಸಲ ನೋಡಿರುತ್ತೀರಿ. ಅದರ ಹಿಂದೆ ಇದ್ದವರು ಆರ್.ಕೆ. ಜೋಶಿ (1936–2008). ಮರಾಠಿ ಕವಿ, ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿದವರು, ಮುಂಬೈಯ ಜೆ.ಜೆ. ಅಪ್ಲೈಡ್ ಆರ್ಟ್ ಸಂಸ್ಥೆಯಲ್ಲಿ ಓದಿ, ಐಐಟಿ ಬಾಂಬೆಯಲ್ಲಿ ಪಾಠ ಮಾಡಿದವರು. ಜೆ.ಜೆ. ಕಲಾಶಾಲೆ 1857ರದ್ದು, ಅಲ್ಲಿ ಕಮರ್ಷಿಯಲ್ ಆರ್ಟ್ ವಿಭಾಗ ಶುರುವಾದದ್ದು 1935ರಲ್ಲಿ. ನಮ್ಮ ದೇಶದಲ್ಲಿ ಈ ಓದಿಗೆ ಇಷ್ಟು ಹಳೇ ಬೇರಿದೆ. ವೃತ್ತಿ ಮತ್ತು ಬೋಧನೆ ಎರಡನ್ನೂ ಒಟ್ಟಿಗೆ ಮಾಡಿದ ಜೋಶಿಯವರಂಥವರಿಂದಲೇ ನಮ್ಮ ಲಿಪಿಗಳು ಕಂಪ್ಯೂಟರ್ ಹತ್ತಿದ್ದು.

ನಿಮಗೆ ಕೊರತೆ ಇರುವುದು ಡ್ರಾಯಿಂಗ್ ಮತ್ತು ಕೈಬರಹದ ಲೆಟರಿಂಗ್‌ನಲ್ಲಿ ಅಂತ ಪತ್ರದ ಜೊತೆ ಕಳಿಸಿದ ಮಾದರಿ ನೋಡಿ ಅನ್ನಿಸಿತು. ಚಪ್ಪಟೆ ನಿಬ್ಬಿನ ಪೆನ್ನು ತಗೊಂಡು, ಓರೆ ಬದಲಾಯಿಸದೆ ಒಂದು ಪುಟ ಬರೀ "ಅ" ಬರೆಯಿರಿ. ದಪ್ಪ ಎಲ್ಲಿ ಬರುತ್ತದೆ, ಸಣ್ಣ ಎಲ್ಲಿ ಬರುತ್ತದೆ ಅನ್ನುವುದು ಕೈಗೆ ತಾನಾಗಿ ತಿಳಿಯುತ್ತದೆ. ಆಮೇಲೆ ತಲೆಕಟ್ಟು, ದೀರ್ಘ, ಒತ್ತು. "ರಾಷ್ಟ್ರ" ಸರಿಯಾಗಿ ಬರೆಯಲು ಬಂದ ದಿನ ಮುಖಪುಟ ಮಾಡಲು ಧೈರ್ಯವಾಗಿ ಒಪ್ಪಿಕೊಳ್ಳಿ.

ಪ್ರಶ್ನೆ: ಎಐ ಬಂದಿದೆ. ಒಂದು ನಿಮಿಷದಲ್ಲಿ ಪೋಸ್ಟರ್ ಕೊಡುತ್ತೆ. ಇನ್ನು ನಾಲ್ಕು ವರ್ಷ ಓದಿ ಏನು ಮಾಡೋದು? – ತುಮಕೂರು

ಕೆಲವು ಕೆಲಸ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಹಬ್ಬದ ಶುಭಾಶಯದ ಪೋಸ್ಟು, ಸುಮ್ನೆ ಅಂದಕ್ಕೆ ಹಾಕುವ ಚಿತ್ರ, ಇಂಥವನ್ನೇ ನೆಚ್ಚಿಕೊಂಡವರಿಗೆ ಕಷ್ಟ ಇದೆ. ಆದರೆ ಉಪ್ಪಿನಕಾಯಿ ಸಂಘದ ಹೆಂಗಸರ ಜೊತೆ ಕೂತು ನಿಮ್ಮ ಗಿರಾಕಿ ಯಾರು, ಅಂಗಡಿಯವರು ಬಾಟಲಿಯನ್ನು ಎಲ್ಲಿಡುತ್ತಾರೆ, ಎಣ್ಣೆ ತಾಗಿದರೆ ಲೇಬಲ್ ಏನಾಗುತ್ತದೆ ಅಂತ ಕೇಳಿ ತಿಳಿಯುವ ಕೆಲಸ ಹಾಗೇ ಇದೆ. ಹತ್ತು ಚಿತ್ರ ಬಂದಾಗ ಯಾವುದು ಸರಿ, ಯಾಕೆ ಸರಿ ಅಂತ ಹೇಳಲು ಕಣ್ಣು ಪಳಗಿರಬೇಕು. ಕನ್ನಡದ ವಿಷಯದಲ್ಲಂತೂ, ಆ ಯಂತ್ರಗಳು ಇಲ್ಲದ ಒತ್ತು ಹಾಕಿ, ಇಲ್ಲದ ಅಕ್ಷರ ಹುಟ್ಟಿಸಿ ಕೊಟ್ಟದ್ದನ್ನು ಹಾಗೇ ಫ್ಲೆಕ್ಸ್ ಮಾಡಿ ತೂಗುಹಾಕುವವರು ಊರ ತುಂಬ ಇದ್ದಾರೆ. ನಾಳೆ ಅವು ಸುಧಾರಿಸಬಹುದು. ತಪ್ಪನ್ನು ಹಿಡಿಯುವ ಕಣ್ಣು ಆಗಲೂ ಬೇಕಾಗುತ್ತದೆ.

ಪ್ರಶ್ನೆ: ಪ್ರವೇಶ ಪರೀಕ್ಷೆಯಲ್ಲಿ ಫೇಲಾದೆ. ನನ್ನಲ್ಲಿ ಪ್ರತಿಭೆ ಇಲ್ಲ ಅಂತ ಅರ್ಥವಾ? – ಕೋಲಾರ

ಅಲ್ಲವೇ ಅಲ್ಲ. ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಮೇಲೆ ಹೇಳಿದ ಮುಂಬೈಯ ಜೆ.ಜೆ. ಶಾಲೆಯೇ ಪ್ರವೇಶ ಕೊಡಲಿಲ್ಲ. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು, ಬಿಡಿಸುವುದನ್ನು ನಿಲ್ಲಿಸಲಿಲ್ಲ. ಏಷ್ಯನ್ ಪೇಂಟ್ಸ್‌ನ ಗಟ್ಟು ಅನ್ನುವ ತುಂಟ ಹುಡುಗನನ್ನು 1954ರಲ್ಲಿ ಬಿಡಿಸಿದವರೂ ಅವರೇ, ಅದು ಅಪ್ಪಟ ಅಪ್ಲೈಡ್ ಆರ್ಟ್. ಆದರೆ ಇದನ್ನು ನೆಪ ಮಾಡಿಕೊಂಡು ಸುಮ್ಮನೆ ಕೂರಬೇಡಿ. ಈ ಸಲ ಎಲ್ಲಿ ಕೈ ಕೊಟ್ಟಿತು? ಮೆಮರಿ ಡ್ರಾಯಿಂಗ್‌ನಲ್ಲಿ ಅಂತ ಬರೆದಿದ್ದೀರಿ. ಬಸ್‌ಸ್ಟ್ಯಾಂಡು, ಸಂತೆ, ಹೋಟೆಲು, ಎಲ್ಲಿಗೆ ಹೋದರೂ ಎರಡು ನಿಮಿಷ ನೋಡಿ, ಮನೆಗೆ ಬಂದು ನೆನಪಿನಿಂದ ಬಿಡಿಸಿ, ಮಾರನೇ ದಿನ ಅಲ್ಲಿಗೇ ಹೋಗಿ ಹೋಲಿಸಿ. ಮುಂದಿನ ವರ್ಷ ಮತ್ತೆ ಬರೆಯಿರಿ.

ಪ್ರಶ್ನೆ: ಕೊನೇ ವರ್ಷದಲ್ಲಿದ್ದೇನೆ. ಒಂದು ಕಂಪನಿ "ಟೆಸ್ಟ್" ಅಂತ ಐದು ಲೋಗೊ ಮಾಡಿಸಿಕೊಂಡಿತು. ಕೆಲಸವೂ ಇಲ್ಲ, ದುಡ್ಡೂ ಇಲ್ಲ. ಈಗ ಅದರಲ್ಲಿ ಒಂದನ್ನು ಬಳಸುತ್ತಿದ್ದಾರೆ. ಏನು ಮಾಡಲಿ? – ಬೆಂಗಳೂರು

ಓದಿ ಸಿಟ್ಟು ಬಂತು. ಇದು ತುಂಬಾ ಕಡೆ ನಡೆಯುತ್ತಿದೆ.

ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಕೃತಿ ಮಾಡಿದವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಸಂಬಳಕ್ಕೆ ಕೆಲಸ ಮಾಡುವಾಗ ಮಾಡಿದ್ದು ಕಂಪನಿಗೆ ಸೇರುತ್ತದೆ, ಆದರೆ ನೀವು ಅಲ್ಲಿ ಉದ್ಯೋಗಿಯೇ ಆಗಿರಲಿಲ್ಲ. ಹಕ್ಕು ವರ್ಗಾವಣೆ ಆಗಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಹಾಗಾಗಿ ಮೊದಲು ಆ ಟೆಸ್ಟ್‌ಗೆ ಮುಂಚೆ ಏನಾದರೂ ಫಾರಂಗೆ ಸಹಿ ಹಾಕಿದ್ದೀರಾ, ಆನ್‌ಲೈನ್‌ನಲ್ಲಿ ಷರತ್ತುಗಳಿಗೆ ಒಪ್ಪಿಗೆ ಒತ್ತಿದ್ದೀರಾ ನೋಡಿ. ಇಲ್ಲ ಅಂದರೆ ನಿಮ್ಮ ಇಮೇಲು, ಫೈಲ್‌ಗಳ ದಿನಾಂಕ, ರಫ್ ಸ್ಕೆಚ್ ಎಲ್ಲ ಒಟ್ಟು ಮಾಡಿ, "ಇದು ನನ್ನ ಕೆಲಸ, ಬಳಸಲು ನಾನು ಅನುಮತಿ ಕೊಟ್ಟಿಲ್ಲ, ಇಷ್ಟು ಹಣ ಕೊಡಿ ಇಲ್ಲವೇ ಬಳಕೆ ನಿಲ್ಲಿಸಿ" ಅಂತ ಮರ್ಯಾದೆಯಿಂದ, ಗಟ್ಟಿಯಾಗಿ ಬರೆಯಿರಿ. ಉತ್ತರ ಬರದಿದ್ದರೆ ವಕೀಲರ ಮೂಲಕ ನೋಟಿಸ್ ಕಳಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಾದವರಿಗೆ ಉಚಿತ ನೆರವು ಸಿಗುತ್ತದೆ, ಹೆಣ್ಣುಮಕ್ಕಳು ಆ ಅರ್ಹರ ಪಟ್ಟಿಯಲ್ಲಿದ್ದಾರೆ.

ಮುಂದಕ್ಕೆ ಟೆಸ್ಟ್ ಕೇಳಿದರೆ ಕಾಲ್ಪನಿಕ ಕಂಪನಿಗೆ ಮಾಡಿಕೊಡುತ್ತೇನೆ ಅನ್ನಿ. ಸಾಮರ್ಥ್ಯ ನೋಡಲು ಬಂದವರಿಗೆ ಅದು ಸಾಕು. ಬೇಡ ಅಂದವರು ಬಂದದ್ದು ಬೇರೆ ಉದ್ದೇಶಕ್ಕೆ. ಪೋರ್ಟ್‌ಫೋಲಿಯೊದಲ್ಲಿ ಮುಗಿದ ಚಿತ್ರಗಳನ್ನು ಮಾತ್ರ ತುಂಬಬೇಡಿ, ಒಂದೆರಡು ಕೆಲಸಕ್ಕಾದರೂ ಮೊದಲ ಗೀಚಿನಿಂದ ಅಚ್ಚಾದ ಪ್ರತಿಯವರೆಗೆ ಎಲ್ಲ ಹಂತ ತೋರಿಸಿ. ಒಳ್ಳೆಯ ಕಂಪನಿಯವರು ಕಣ್ಣಿಟ್ಟು ನೋಡುವುದು ಅದನ್ನೇ.

ಪ್ರಶ್ನೆ: ಮಗ ಈ ವರ್ಷ ಬಿವಿಎಗೆ ಸೇರುತ್ತಿದ್ದಾನೆ. ಮೊದಲೇ ದುಬಾರಿ ಲ್ಯಾಪ್‌ಟಾಪ್ ಕೊಡಿಸಬೇಕಾ? ಸಾಲ ಮಾಡಬೇಕಾಗುತ್ತೆ. – ಚಾಮರಾಜನಗರ

ಮೊದಲ ವರ್ಷಕ್ಕೆ ಬೇಡ. ಫೌಂಡೇಷನ್ ಪೂರ್ತಿ ಕೈಕೆಲಸ. ಆ ದುಡ್ಡಲ್ಲಿ ಸ್ವಲ್ಪ ಭಾಗ ಒಳ್ಳೆಯ ಪೆನ್ಸಿಲು, ಪೋಸ್ಟರ್ ಕಲರ್, ದುಂಡು ಮತ್ತು ಚಪ್ಪಟೆ ಬ್ರಶ್ಶು, ಚಪ್ಪಟೆ ನಿಬ್ಬು, ಕಟರ್, ಉಕ್ಕಿನ ಸ್ಕೇಲು, ರಟ್ಟಿನ ಡ್ರಾಯಿಂಗ್ ಬೋರ್ಡಿಗೆ ಹಾಕಿ. ಕಾಗದಕ್ಕೆ ತಿಂಗಳು ತಿಂಗಳೂ ಖರ್ಚು ಬರುತ್ತದೆ, ಅದಕ್ಕೆ ಎತ್ತಿಡಿ. ಎರಡನೇ ವರ್ಷದಿಂದ ಕಂಪ್ಯೂಟರ್ ಬೇಕಾಗುತ್ತದೆ, ಆಗ ಕಾಲೇಜಿನ ಲ್ಯಾಬ್ ಎಷ್ಟು ಹೊತ್ತು ತೆರೆದಿರುತ್ತದೆ ನೋಡಿಕೊಂಡು ತೀರ್ಮಾನ ಮಾಡಿ. ಕೊಂಡರೂ ಶುರುವಿನಲ್ಲಿ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬೇಡ. ಇಂಕ್‌ಸ್ಕೇಪ್, ಕ್ರಿಟಾ, ಗಿಂಪ್, ಸ್ಕ್ರೈಬಸ್ ಎಲ್ಲ ಉಚಿತ. ಲೋಗೊ, ಲೇಬಲ್ಲು, ಪೋಸ್ಟರು ಇವುಗಳಲ್ಲೇ ಮಾಡಬಹುದು. ಕೆಲಸ ಪ್ರೆಸ್‌ಗೆ ಕಳಿಸುವ ಮುಂಚೆ ಸುತ್ತಲೂ ಮೂರು ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು), ಫೋಟೊ 300 ಡಿಪಿಐ (ಅಚ್ಚಿಗೆ ಬೇಕಾದ ಸ್ಪಷ್ಟತೆ), ಬಣ್ಣ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ) ಇದೆಯಾ ಅಂತ ನೋಡುವ ಅಭ್ಯಾಸವನ್ನು ಮೊದಲ ಕೆಲಸದಿಂದಲೇ ಮಾಡಿಕೊಳ್ಳಲಿ. ಹಳೇ ಪುಸ್ತಕದಂಗಡಿಯಲ್ಲಿ 60-70ರ ದಶಕದ ಕನ್ನಡ ಪುಸ್ತಕಗಳು ಕಣ್ಣಿಗೆ ಬಿದ್ದರೆ ಮುಖಪುಟಕ್ಕಾಗಿಯೇ ಕೊಂಡುಕೊಡಿ. ಆ ಮುಖಪುಟಗಳ ಅಕ್ಷರ ಹೆಚ್ಚಾಗಿ ಕೈಯಲ್ಲೇ ಬರೆದದ್ದು, ಎರಡೇ ಬಣ್ಣದಲ್ಲಿ ಎಷ್ಟೆಲ್ಲ ಮಾಡಿದ್ದಾರೆ ಅಂತ ಅವನೇ ಕೂತು ನೋಡಲಿ.